ತಕ್ಕಡಿ ಮೇಷ್ಟ್ರ ಒಂಬೈನೂರು ಕಿಲೋ

ಹಿರಿಯರೇ, ಕಾರ್ಖಾನೆಯ ಗೆಳೆಯರೇ, ಮುಂದಿನ ಸಾಲಿನಲ್ಲಿ ಕೂತಿರುವ ಅತ್ತಿಗೆಯವರೇ, ಮಗಳೇ — ಎಲ್ಲರಿಗೂ ನಮಸ್ಕಾರ. ನನಗೆ ಭಾಷಣ ಬರೋದಿಲ್ಲ. ವಿಮಾನದ ನಕ್ಷೆ ಬರೆಯೋದು ನನ್ನ ಕಸುಬು. ನಮ್ಮನ್ನಗಲಿದ ಈ ಹಿರಿಯ ಗೆಳೆಯರ ಪಕ್ಕದ ಟೇಬಲ್ಲಿನಲ್ಲಿ ಕೂತು ಹದಿನೈದು ವರ್ಷ ಅದನ್ನೇ ಮಾಡಿದೆ.

ಅವರನ್ನ ನಾವು ತಕ್ಕಡಿ ಮೇಷ್ಟ್ರು ಅಂತಿದ್ವಿ. ವಿಮಾನದ ತೂಕ ಲೆಕ್ಕ ಹಾಕೋದು ಅವರ ಕೆಲಸ. ನಮ್ಮದು ಎರಡು ಟರ್ಬೋಪ್ರಾಪ್ ಎಂಜಿನ್‌ನ ವಿಮಾನ. ಐವತ್ತು ಜನರನ್ನ ಹೊತ್ತು ಸಣ್ಣ ಊರಿನ ಸಣ್ಣ ರನ್‌ವೇಯಿಂದ ಏಳಬೇಕು — ಅಷ್ಟು ದೊಡ್ಡ ಆಸೆ. ಹಾಗಾಗಿ ಮೇಷ್ಟ್ರು ಒಂದು ಗ್ರಾಮೂ ಬಿಡ್ತಿರಲಿಲ್ಲ. ಡಬ್ಬ ಹಿಡ್ಕೊಂಡು ಹೋಗ್ತಿದ್ದ ಪೇಂಟರನ್ನ ನಿಲ್ಲಿಸಿ, "ಎಷ್ಟು ಕೋಟ್ ಹೊಡೀತೀಯಪ್ಪಾ? ಬಣ್ಣಕ್ಕೆ ತೂಕ ಇಲ್ಲ ಅಂದ್ಕೊಂಡಿದ್ದೀಯಾ?" ಅನ್ನೋರು. ಪೈಲಟ್ ಊಟ ಮುಗಿಸಿ ಬಂದ್ರೆ ಅವರ ಹೊಟ್ಟೆ ಕಡೆ — ಹೀಗೆ — ಕನ್ನಡಕದ ಮೇಲಿಂದ ನೋಡೋರು. ನಗಿ, ಪರವಾಗಿಲ್ಲ. ಅವರೂ ನಗ್ತಿದ್ರು.

ಅವರಿಗೆ ಆಗದಿದ್ದ ಮಾತು ಒಂದೇ — "ಇರಲಿ". ನಕ್ಷೆ ಬರೆಯೋರ ರೋಗ ಇದು. ಲೆಕ್ಕದ ಪ್ರಕಾರ ತಗಡು ಇಷ್ಟು ದಪ್ಪ ಸಾಕು. ಆದ್ರೂ ಮನಸ್ಸು ಕೇಳೋದಿಲ್ಲ, ಇಷ್ಟೇ ಇಷ್ಟು ಸೇರಿಸ್ತೀವಿ. ಯಾಕೆ? ಇರಲಿ. ಬಾಗಿಲಿಗೆ ಇನ್ನೊಂದು ಬೋಲ್ಟ್. ಯಾಕೆ? ಇರಲಿ. ಮೇಷ್ಟ್ರು ರೇಗೋರು: "ನಿಮ್ಮ 'ಇರಲಿ'ಗಳನ್ನೆಲ್ಲ ಕೂಡಿಸಿದ್ರೆ ಹತ್ತು ಜನ ಪ್ರಯಾಣಿಕರಾಗ್ತಾರೆ ಕಣ್ರಯ್ಯಾ! ಯಾರನ್ನ ಇಳಿಸ್ಲಿ?"

ಈಗ — ನಾನು ಮಾಡಿದ್ದನ್ನ ಹೇಳ್ತೀನಿ. ವಿಮಾನದೊಳಗಿನ ನೆಲ ಹೊರೋ ತೊಲೆಗಳ ತೆಳು ನಕ್ಷೆಯನ್ನ ಅವರಿಗೆ ಕೊಟ್ಟೆ. ಆಮೇಲೆ ದಪ್ಪ ಮಾಡಿ ತಿದ್ದಿದ್ದನ್ನ ನೇರ ವರ್ಕ್‌ಶಾಪಿಗೆ ಕಳಿಸಿದೆ. ಅವರಿಗೆ ತೋರಿಸಲಿಲ್ಲ. ತೋರಿಸಿದ್ರೆ ಜಗಳ ಆಡ್ತಾರೆ, ಅದಕ್ಕೆ. ನಾನೊಬ್ಬನೇ ಅಲ್ಲ — ಹೀಗೆ ಮಾಡಿದ ಇನ್ನೂ ಐದು ಜನ ಈ ಹಾಲಿನಲ್ಲೇ ಕೂತಿದ್ದಾರೆ. ಹೆಸರು ಹೇಳೋದಿಲ್ಲ.

ವಿಮಾನದ ಮೂರು ಕಡೆ ಚಕ್ರಗಳ ಕೆಳಗೆ ತೂಕದ ಯಂತ್ರ ಇಟ್ಟ ದಿನ, ಒಂಬೈನೂರು ಕಿಲೋ ಜಾಸ್ತಿ ಬಂತು. ವಿಮಾನ ಹಾರಿತು, ಚೆನ್ನಾಗೇ ಹಾರಿತು. ಆದ್ರೆ ಐವತ್ತು ಸೀಟಿಗೆ ನಲವತ್ತು ಜನ ಮಾತ್ರ. ಕೊಳ್ತೀವಿ ಅಂದಿದ್ದ ಕಂಪನಿಗಳು ಒಂದೊಂದಾಗಿ ಹಿಂದೆ ಸರಿದವು. ಎರಡು ವಿಮಾನಕ್ಕೇ ಕತೆ ಮುಗೀತು. ಮೂರನೇದು ರೆಕ್ಕೆಯಿಲ್ಲದೆ ಶೆಡ್ಡಿನಲ್ಲೇ ಉಳೀತು.

ತನಿಖಾ ವರದಿ ಬಂತು — "ತೂಕದ ಅಂದಾಜಿನಲ್ಲಿ ದೋಷ." ಅಂದಾಜು ಯಾರದ್ದು? ಮೇಷ್ಟ್ರದ್ದು. ಮೇಷ್ಟ್ರು ವರ್ಕ್‌ಶಾಪಿನಿಂದ ನಾನು ತಿದ್ದಿದ ನಕ್ಷೆ ಹುಡುಕಿ ತಂದು ನನ್ನೆದುರು ಹರಡಿದ್ರು. ಬೈಯಲಿಲ್ಲ. "ಇದನ್ನ ನಾನು ಹೇಳಿದ್ರೆ ಚಾಡಿ ಆಗುತ್ತೆ. ನೀವೇ ಹೇಳಿ," ಅಂದ್ರು. ನಾನು — ಬೂಟು ನೋಡ್ತಾ ಕೂತೆ. ಎಷ್ಟು ಹೊತ್ತು ಕಾದ್ರೋ. ಆಮೇಲೆ ನಕ್ಷೆ ಮಡಚಿ ನನ್ನ ಡ್ರಾಯರಿನಲ್ಲಿಟ್ಟು, ಹೋಗಿ ವರದಿಗೆ ಸಹಿ ಹಾಕಿದ್ರು. ಅಲ್ಲಿಂದ ಹನ್ನೊಂದು ವರ್ಷ ಅವರನ್ನ ಬಿಡಿಭಾಗಗಳ ಗೋದಾಮಿನಲ್ಲಿ ಕೂರಿಸಿದ್ರು. ನನಗೆ ಬಡ್ತಿ ಸಿಕ್ತು.

ಹೋದ ವಾರ ಆಸ್ಪತ್ರೆಯಲ್ಲಿ ಮೇಷ್ಟ್ರ ಈ ಮಗಳು ಕೇಳಿದಳು: "ಚಿಕ್ಕಪ್ಪ, ಅಪ್ಪನ ಲೆಕ್ಕ ನಿಜವಾಗ್ಲೂ ತಪ್ಪಿತ್ತಾ?" ಒಳಗೆ ಅವರಿನ್ನೂ ಉಸಿರಾಡ್ತಿದ್ರು. ಆಗಲೂ ನನಗೆ ಬಾಯಿ ಬರಲಿಲ್ಲ. ನಾಚಿಕೆಯಾಗುತ್ತೆ.

ತಪ್ಪಿರಲಿಲ್ಲ ಮಗಳೇ. ನಿಮ್ಮಪ್ಪನ ಲೆಕ್ಕ ಕರಾರುವಾಕ್ಕಾಗಿತ್ತು. ಅವರು ಲೆಕ್ಕ ಹಾಕಿದ ವಿಮಾನವನ್ನ ನಾವು ಕಟ್ಟಲೇ ಇಲ್ಲ.

ವರದಿ ತಿದ್ದಬೇಕು ಅಂತ ನಡೆದದ್ದನ್ನೆಲ್ಲ ಬರೆದು ಸಹಿ ಹಾಕಿದ್ದೀನಿ. ಕಾಗದ ಬಾಗಿಲ ಹತ್ತಿರದ ಟೇಬಲ್ ಮೇಲಿದೆ. ಕೆಳಗೆ ಇನ್ನೂ ಐದು ಸಹಿಗೆ ಜಾಗ ಬಿಟ್ಟಿದ್ದೀನಿ.

ಕೊನೆಯಲ್ಲಿ ಮೌನ ಆಚರಿಸಬೇಕು ಅಂತ ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ. ಅತ್ತಿಗೆ, ಮಗಳೇ, ನೀವು ಏಳಬೇಡಿ. ಉಳಿದವರೆಲ್ಲ ದಯವಿಟ್ಟು ಎದ್ದು ನಿಲ್ಲಿ. ಸುಮ್ಮನಿರೋದು ನಮಗೆ ಹೊಸದೇನಲ್ಲ — ಹನ್ನೊಂದು ವರ್ಷದ ರೂಢಿ ಇದೆ. ಈ ಒಂದು ನಿಮಿಷ ಮಾತ್ರ, ಇವರಿಬ್ಬರ ಮುಖ ನೋಡ್ತಾ ಸುಮ್ಮನಿರೋಣ.