ಬಿಟ್ಟುಹೋದ ಹನ್ನೊಂದು ಕವಲು

ಹಲೋ... ಹಲೋ, ಯಾರು ಮಾತಾಡೋದು?...

ಯಾರು? ಸ್ವಲ್ಪ ಜೋರಾಗಿ ಹೇಳ್ರಿ, ವಿದ್ಯಾನಗರ ಬಸ್ ಸ್ಟಾಪಿನಾಗೆ ನಿಂತೀನಿ, ಸರಿಯಾಗಿ ಕೇಳ್ತಿಲ್ಲ...

ಬಸವಕಿರಣ್?... ನಮ್ಮ ಲ್ಯಾಬಿನ ಬಸವಕಿರಣನಾ? ಹಾಂ, ಯಶೋದಾನೇ ಮಾತಾಡ್ತಿರೋದು. ನಿನ್ನ ನಂಬರ್ ಅಳಿಸಿಬಿಟ್ಟಿದ್ದೆ ಕಣಪ್ಪ, ಅದಕ್ಕೇ ಗೊತ್ತಾಗ್ಲಿಲ್ಲ. ಎರಡು ವರ್ಷ ಆಯ್ತಲ್ಲ, ನಾನು ಲ್ಯಾಬ್ ಬಿಟ್ಟು...

ಬಿಟ್ಟೆನೋ, ಬಿಡಿಸಿದ್ರೋ. ಯಾವುದೋ ಒಂದು. ಈಗ ಪಿಯುಸಿ ಹುಡುಗ್ರಿಗೆ ಬಯಾಲಜಿ ಹೇಳ್ತೀನಿ. ನೀನು ಅಕ್ಕ ಅಕ್ಕ ಅನ್ನೋದು ಬಿಟ್ಟು ವಿಷಯ ಹೇಳು...

ಸಂಶೋಧನಾ ಪತ್ರಿಕೆಗೆ ಪೇಪರ್ ಕಳಿಸಿದೀರಾ? ಯಾವುದು?... ನಮ್ಮ ಹೊಳೆ ಮೀನಿಂದಾ?... ಅದು ನಾನು ಕಟ್ಟಿದ ಮೀನಿನ ವಂಶದ ಮರ ಅಲ್ವಾ?... ಅಲ್ವಾ ಅಂತ ಕೇಳ್ದೆ...

ಸರಿ, ನೀನೂ ಕಟ್ಟಿದೀಯ. ನಿನಗೆ ಮರ ಓದೋದು ಯಾರು ಕಲಿಸಿದ್ದು? ಮೊದಲ ದಿನ ಬಂದು, ತುದೀಲಿ ಪಕ್ಕಪಕ್ಕ ಕೂತಿರೋ ಮೀನೆಲ್ಲ ಅಣ್ಣತಮ್ಮಂದ್ರು ಅಂದಿದ್ದೆ ನೀನು. ನಾನು ಹೊರಗಡೆಯಿಂದ ಬೇವಿನ ಟೊಂಗೆ ಮುರಿದು ತಂದು, ತಿರುಗಿಸಿ ತಿರುಗಿಸಿ ತೋರಿಸಿದೆ. ನೋಡು, ಪಕ್ಕದ ಎಲೆ ಬದಲಾಯ್ತು, ಕವಲು ಬದಲಾಗ್ಲಿಲ್ಲ. ಎಲ್ಲಿ ಬೇರೆ ಆದ್ವು ಅಂತ ನೋಡು, ಸಂಬಂಧ ಅಲ್ಲೈತೆ ಅಂತ...

ನೆನಪೈತಲ್ಲ, ಸಾಕು. ನನಗೆ ಯಾರೂ ಟೊಂಗೆ ತಂದು ತೋರಿಸ್ಲಿಲ್ಲ. ಎಂಟು ತಿಂಗಳು ಆ ಹಾಳು ಕಂಪ್ಯೂಟರ್ ಮುಂದೆ ಕೂತು, ತಪ್ಪು ಮಾಡಿ ಮಾಡಿ ಕಲಿತೆ. ಮೊದಲ ಮರ ಸರಿಯಾಗಿ ಬಂದ ದಿನ ಒಬ್ಬಳೇ ಅತ್ತೆ, ಗೊತ್ತಾ? ಕೋಟಿಗಟ್ಟಲೆ ವರ್ಷದ ಕಥೆ, ಅದೂ ನಮ್ಮ ಹರಿಹರದ ಹೊಳೇದು... ಇರ್ಲಿ. ಪೇಪರ್‌ನಾಗೆ ಏನು ಬರೆದಿದೀರಿ?...

ಏನು?... ಇನ್ನೊಂದ್ಸಲ ಹೇಳು...

ಇಪ್ಪತ್ತು ಲಕ್ಷ ವರ್ಷದಿಂದ ಈಚೆಗೆ ನಮ್ಮ ಹೊಳೇಲಿ ಹೊಸ ಬಗೆ ಮೀನು ಹುಟ್ಟೋದೇ ನಿಂತೋಗೈತೆ, ಅಂತಾ? ಬಸವಕಿರಣ್, ಮರದಾಗೆ ಎಷ್ಟು ಬಗೆ ಇಟ್ಟಿದೀರಿ?... ಮೂವತ್ತೆರಡು. ಹಾಂ. ಹಿಡಿದ ಮೀನಿನ ರಿಜಿಸ್ಟರಿನಾಗೆ ನಾನು ಬರೆದಿದ್ದು ನಲವತ್ಮೂರು...

ಹನ್ನೊಂದು ಎಲ್ಲಿ ಹೋದ್ವು ಅಂತ ನಿನಗೆ ಗೊತ್ತಿಲ್ವಾ? ದಸರಾ ರಜೇಲಿ ನಮ್ಮ ಗೈಡ್ ನಿಂಗರಾಜ್ ಸರ್ ರೂಮಿಗೆ ಎ.ಸಿ. ಹಾಕಿಸ್ಬೇಕು ಅಂತ ಮೀನಿಟ್ಟಿದ್ದ ಫ್ರೀಜರಿನ ಕರೆಂಟ್ ಲೈನ್ ಕಿತ್ತು ಕೊಟ್ರಲ್ಲ. ಒಂಬತ್ತು ದಿನ ಆದ್ಮೇಲೆ ಬಾಗ್ಲು ತೆಗೆದೋಳು ನಾನು. ಆ ವಾಸನೆ ಇನ್ನೂ ಮೂಗಿನಾಗೈತೆ. ಮರಕ್ಕೆ ಸೇರಿಸೋಕೆ ಉಳಿದಿದ್ದ ಹನ್ನೊಂದೂ ಬೆರಳುದ್ದದ ಮೀನು, ಒಂದಕ್ಕೊಂದು ಹತ್ತಿರದ ಸಂಬಂಧದವು, ಎಲ್ಲಾ ಈಚೆಗೆ ಕವಲೊಡೆದವು. ತುದಿ ಚಿಗುರೆಲ್ಲ ನೀವೇ ಕೊಳೆಸಿ, ಮರ ಚಿಗುರೋದು ನಿಂತೈತೆ ಅಂದ್ರೆ ಹೆಂಗಪ್ಪ?...

ನಿನ್ನ ತಪ್ಪು ಅಂತ ಹೇಳ್ಲಿಲ್ಲ. ನಾನು ಅದನ್ನೇ ಕೇಳಿದ್ದಕ್ಕೆ ತಾನೇ, ನಿನಗೆ ಸಂಶೋಧನೆ ಆಗಲ್ಲಮ್ಮ ಅಂದು ಸರ್ ನನ್ನ ಹೊರಗೆ ಹಾಕಿದ್ದು...

ಮತ್ತೆ ಹಿಡ್ಕೊಂಡು ಬಂದರೆ ಆಯ್ತು ಅಂತೀಯಾ? ಎಲ್ಲಿಂದ? ನಮ್ಮ ಮೈಲಪ್ಪ ಮಾವ ತೆಪ್ಪ ಹಾಕಿ ಹಿಡಿದುಕೊಟ್ಟಿದ್ದು ಒಂದೇ ಒಂದು ಮಡುವಿನಾಗೆ. ಈಗ ಹೋಗಿ ನೋಡು, ಮರಳು ತೆಗೆದೂ ತೆಗೆದೂ ಮಡುನೇ ಇಲ್ಲ. ಮೀನು ಇದ್ವು ಅನ್ನೋಕೆ ಉಳಿದಿರೋದು ನನ್ನ ರಿಜಿಸ್ಟರ್ ಒಂದೇ...

ಓ... ಅದಕ್ಕೇ ಫೋನ್ ಮಾಡಿದ್ದಾ?...

ಪೇಪರ್ ಪರೀಕ್ಷೆ ಮಾಡೋರು ರಿಜಿಸ್ಟರ್ ಕೇಳ್ಯಾರೆ. ಹೊಳೇಲಿ ಎಷ್ಟು ಬಗೆ ಸಿಕ್ತು, ಮರದಾಗೆ ಎಷ್ಟು ಇಟ್ರಿ ಅಂತ. ಸರಿಯಾಗೇ ಕೇಳ್ಯಾರಲ್ಲ. ನಾನೇನು ಮಾಡ್ಬೇಕು?...

ಕೊನೇ ಆರು ಹಾಳೆ ತೆಗೆದು ಕೊಡ್ಬೇಕು. ಮೂವತ್ತೆರಡೇ ಸಿಕ್ಕಿದ್ದು ಅಂತ ಸಹಿ ಹಾಕ್ಬೇಕು. ಅಷ್ಟೇನಾ?...

ನನ್ನ ಹೆಸರು ಹಾಕ್ತೀರಾ?... ಎರಡನೇ ಹೆಸರು... ಪಿಎಚ್‌.ಡಿ.ನೂ? ಮತ್ತೆ ಸೇರಿಸ್ಕೊಳ್ತಾರಂತಾ? ಸರ್ರೇ ಹೇಳಿದ್ರಾ?...

...

ಇದೀನಿ. ಕೇಳಿಸ್ತು...

ಇಲ್ಲಪ್ಪ, ಅಳ್ತಿಲ್ಲ. ಮೂವತ್ನಾಲ್ಕು ವರ್ಷ ನನಗೆ. ಊರಿಗೆ ಹೋದಾಗೆಲ್ಲ ಮಾವ ಕೇಳ್ತಾನೆ, ನಮ್ಮ ಮೀನಿನ ಮರ ಎಲ್ಲಿಗೆ ಬಂತವ್ವ, ಡಾಕ್ಟ್ರು ಯಾವಾಗ ಆಗ್ತೀಯವ್ವ ಅಂತ. ಕೆಲಸ ನಡೀತೈತೆ ಅಂತಾನೇ ಹೇಳ್ಕೊಂಡು ಬಂದೀನಿ. ಬಿಡಿಸಿದ್ರು ಅಂತ ಹೇಳೋಕೆ ಬಾಯೇ ಬರ್ಲಿಲ್ಲ...

ಬ್ಯಾಡ, ಬಸವಕಿರಣ್... ಬ್ಯಾಡ ಅಂದೆ. ಸಹಿ ಹಾಕಲ್ಲ. ಸರ್ಗೆ ಹೇಳು...

ಏನು ಶಬ್ದ ಅದು? ಯಾರು ಕೆಮ್ಮಿದ್ದು?... ಸ್ಪೀಕರ್ ಹಾಕಿದೀಯಾ?...

ನಮಸ್ಕಾರ ಸರ್... ಹಾಂ, ಎಲ್ಲಾ ಕೇಳಿಸ್ಕೊಂಡ್ರಲ್ಲ, ಒಳ್ಳೇದಾಯ್ತು... ಇಲ್ಲ ಸರ್, ಹಠ ಅಲ್ಲ. ಹನ್ನೊಂದು ಬಿಟ್ಟೋಗ್ಯಾವೆ ಅಂತ ನೀವೇ ಬರೀರಿ, ರಿಜಿಸ್ಟರ್ ನಾನೇ ತಂದುಕೊಡ್ತೀನಿ. ಇಲ್ಲಾಂದ್ರೆ ಆ ಪತ್ರಿಕೆಯವ್ರಿಗೆ ನಾನೇ ಕಳಿಸ್ತೀನಿ...

ಯಾವ ಪತ್ರ?... ಮೂವತ್ತೆರಡೇ ಬಗೆ ಹಿಡಿದುಕೊಟ್ಟೆ ಅಂತಾ?... ಯಾರು ಬರೆದುಕೊಟ್ಟಿದ್ದು?...

ಮೈಲಪ್ಪ ಮಾವ?...

ಸರ್, ಅವನಿಗೆ ಓದೋಕೆ ಬರಲ್ಲ. ಹೆಬ್ಬೆಟ್ಟು ಒತ್ತಿಸ್ಕೊಂಡು ಬಂದಿದೀರಾ? ಯಾವಾಗ?... ಮೊನ್ನೆ ಭಾನುವಾರ. ಏನಂತ ಹೇಳಿದ್ರಿ ಅವನಿಗೆ?... ಹೇಳ್ರಿ ಸರ್, ಏನಂತ ಹೇಳಿದ್ರಿ?...

ಯಶೋದಾಗೆ ಡಾಕ್ಟರೇಟ್ ಬರೋಕೆ ಈ ಕಾಗದ ಬೇಕು ಅಂತ...

...

ಕೇಳಿಸ್ತು ಸರ್. ನಾನು ರಿಜಿಸ್ಟರ್ ಕಳಿಸಿದ್ರೆ ಸುಳ್ಳು ಬರೆದುಕೊಟ್ಟೋನು ನಮ್ಮ ಮಾವ ಆಗ್ತಾನೆ. ಅರ್ಥ ಆಯ್ತು. ಚೆನ್ನಾಗಿ ಯೋಚನೆ ಮಾಡಿದೀರಿ. ಮರ ಕಟ್ಟೋದಕ್ಕೆ ಇಷ್ಟು ತಲೆ ಓಡಿಸಿದ್ರೆ...

ಮರ್ಯಾದೆಯಿಂದಲೇ ಮಾತಾಡ್ತಿದೀನಿ... ಹರಿಹರ ಬಸ್ ಬಂತು ಸರ್, ಹತ್ತುತೀನಿ. ಮೊದಲು ಮಾವನ ಮುಂದೆ ಕೂತು, ಅವನು ಒತ್ತಿದ ಕಾಗದದಾಗೆ ಏನಿತ್ತು ಅಂತ ಹೇಳ್ತೀನಿ. ನಾನು ಇಷ್ಟು ದಿನ ಹೇಳಿದ ಸುಳ್ಳೂ ಹೇಳ್ತೀನಿ. ಆಮೇಲೆ ಊರಲ್ಲಿಟ್ಟಿರೋ ರಿಜಿಸ್ಟರಿನ ಹಾಳೆ, ನಲವತ್ಮೂರು ಬಗೇದೂ, ಫೋಟೋ ತೆಗೆದು ಅಲ್ಲಿಂದಲೇ ಕಳಿಸ್ತೀನಿ. ಹೆಬ್ಬೆಟ್ಟು ಯಾರು ಒತ್ತಿಸ್ಕೊಂಡ್ರು ಅಂತ ಅವನೇ ಹೇಳ್ಲಿ...

ಪಿಎಚ್‌.ಡಿ. ಬ್ಯಾಡ ಸರ್. ಹೋಗ್ಲಿ ಅದು...

ಕಂಡಕ್ಟ್ರೇ, ಹರಿಹರ ಒಂದು... ಬಸವಕಿರಣ್, ಅಲ್ಲೇ ಇದೀಯಾ? ಭಾನುವಾರ ನೀನೂ ಹೋಗಿದ್ಯಾ ಅವನ ಮನೆಗೆ?...

ಹೇಳು, ಹೋಗಿದ್ಯಾ?...

ಹಾಂ... ಊಟಕ್ಕೆ ಕೂಡ್ರಿಸಿದ್ನಾ?...

ಕೈ ಹಿಡಿದು ಥ್ಯಾಂಕ್ಸ್ ಹೇಳಿದ್ನಾ? ನೀನು ಏನಂದೆ? ಹಲೋ... ಏನಂದೆ ಅವನಿಗೆ? ಹಲೋ... ಬಸವಕಿರಣ್... ಹಲೋ...