ಒದ್ದೆಯಾಗದ ಟವೆಲ್

ಜೋಮು ಹಿಡಿದಿತ್ತು ಅಂತ ಹೇಳಿದ್ನಲ್ಲ! ಎಷ್ಟು ಸಲ ಹೇಳ್ಲಿ ಪುಟ್ಟಿ? ಕೂತೂ ಕೂತೂ ಕಾಲು ಜೋಮು ಹಿಡಿದು ಮರದ ತುಂಡಾಗಿತ್ತು... ಏಳೋಣ ಅಂತ ನೋಡ್ದೆ, ಆಗ್ಲಿಲ್ಲ. ಅಷ್ಟೇ. ಅಕ್ಕನಾದವಳಿಗೆ ಕಾಲು ಜೋಮು ಹಿಡೀಬಾರದು ಅಂತ ಎಲ್ಲಾದ್ರೂ ಇದೆಯಾ?

ಬಾ, ಬಾಗಿಲಲ್ಲಿ ನಿಲ್ಲಬೇಡ. ಆ ಹೋಟೆಲ್ ಚಾದರದ ಗಂಟು ಪಕ್ಕಕ್ಕೆ ತಳ್ಳಿ ಸ್ಟೂಲ್ ಮೇಲೆ ಕೂತ್ಕೋ. ಆ ಬಿಳಿ ಅಂಗಿ ಬದಲಾಯಿಸು ಅಂದ್ರೂ ಕೇಳಲ್ಲ ನೀನು. ನೀರಿಗಿಳಿಯೋಕೆ ಅಂತ ನಾನೇ ಹೊಲಿದದ್ದು, ನೀರೇ ಕಾಣದೆ ವಾಪಸ್ ಬಂತು... ಹೋಗ್ಲಿ ಬಿಡು, ಮುಂದಿನ ಸಲಕ್ಕಾಯ್ತು. ಪಾಸ್ಟರ್ ಏನಂದ್ರು? ದೀಕ್ಷಾಸ್ನಾನ ರದ್ದಾಗಿಲ್ಲ, ಮುಂದೆ ಹೋಗಿದೆ ಅಂದ್ರು. ಹೌದೋ ಅಲ್ವೋ?

ನಗ್ತಿದೀಯಾ? ಯಾಕೆ ನಗ್ತೀಯ? ಓ... ಟವೆಲ್‌ಗೆ ಇಸ್ತ್ರಿ ಹಾಕ್ತಿದೀನಿ ಅಂತಾನಾ? ಭಾನುವಾರ, ಲಾಂಡ್ರಿ ಮುಚ್ಚಿದ ದಿನ, ಒದ್ದೆನೇ ಆಗದ ಟವೆಲ್‌ಗೆ... ನಗು, ನಗು. ನನ್ನ ಕೈಗೆ ಏನಾದ್ರೂ ಕೆಲಸ ಬೇಕು ಕಣೇ. ಸುಮ್ನೆ ಕೂತ್ರೆ ತಲೆ ಕೆಡುತ್ತೆ. ಹುಟ್ಟಿದಾಗಿಂದ ಹೀಗೇ.

ನಮ್ಮ ಚರ್ಚ್ ಸಭೆಯ ಆ ಪದ್ಧತಿನೇ ಸರಿಯಿಲ್ಲ. ಬೇರೆ ಕಡೆ ನೋಡು, ನೀರಲ್ಲಿ ಮುಳುಗಿಸಿ ಎತ್ತಿದ್ರೆ ಮುಗೀತು. ನಮ್ಮಲ್ಲಿ ಹಾಗಲ್ವಲ್ಲ! ವೇದಿಕೆಯ ಹಲಗೆ ಎತ್ತಬೇಕು, ಅದರ ಕೆಳಗಿನ ತೊಟ್ಟಿ ತುಂಬಬೇಕು, ಪಾಸ್ಟರ್ ಸೊಂಟದ ಮಟ್ಟ ನೀರಲ್ಲಿ ನಿಂತು ಕೇಳಬೇಕು, 'ಇವಳ ಜೊತೆ ನಿಲ್ಲೋರು ಯಾರು?' ಅಂತ. ಆಗ ಒಬ್ಬರು ಟವೆಲ್ ಹಿಡ್ಕೊಂಡು ಎದ್ದು ನಿಲ್ಲಬೇಕು. ಮೇಲೆ ಬಂದವಳ ತಲೆ ಒರೆಸಿ, 'ಇವಳು ನಮ್ಮವಳು' ಅನ್ನಬೇಕು. ಯಾರೂ ಏಳದಿದ್ರೆ ನೀರಿಗಿಳಿಸೋ ಹಾಗಿಲ್ಲ. ಏನು ನಿಯಮಾನೋ! ಒಬ್ಬರ ಕಾಲಿಗೆ ಜೋಮು ಹಿಡಿದ್ರೆ ಇನ್ನೊಬ್ಬರ ದೀಕ್ಷಾಸ್ನಾನ ನಿಂತುಹೋಗೋದಾ?

ಏನು? ಹೀಗೆ ಹಿಂದೆ ಯಾವತ್ತೂ ಆಗಿಲ್ಲ ಅಂತಾನಾ ಆ ನೋಟ? ಹೂಂ... ಆಗಿಲ್ಲ. ಇದೇ ಮೊದಲು.

ಆದ್ರೆ ನನ್ನೊಬ್ಬಳನ್ನೇ ಯಾಕೆ ಹಾಗೆ ನೋಡ್ತೀಯ? ಇಡೀ ಸಭೆ ಕೂತಿರ್ಲಿಲ್ವಾ? ನಮ್ಮ ಪ್ಲಂಬರ್ ಮಾವ ಇದ್ರು. ಬೆಳಗ್ಗೆಯಿಂದ ತೊಟ್ಟಿಗೆ ನೀರು ಬಿಟ್ಟಿದ್ದೇ ಅವರು, ಎದ್ದು ನಿಲ್ಲೋಕೆ ಅವರಿಗೇನಾಗಿತ್ತು? ಟೀಚರಮ್ಮ ನನ್ನ ಪಕ್ಕದಲ್ಲೇ ಇದ್ರು. ನಿನ್ನ ಕಂಡ್ರೆ ಪ್ರಾಣ ಬಿಡ್ತಾರೆ, ಮಗಳೇ ಮಗಳೇ ಅಂತಾರೆ... ಎದ್ರಾ? ಇಲ್ಲ! ಜನ ಬಾಯಿಮಾತಿಗೆಲ್ಲ ಮುಂದೆ ಕಣೇ.

ಯಾಕೆ, ಏನಾಯ್ತು? ಏನು ನನ್ನ ಕೈ ನೋಡ್ತೀಯ? ಇದು ಇಸ್ತ್ರಿ ಪೆಟ್ಟಿಗೆ ತಾಗಿದ ಗಾಯ, ಹಳೇದು... ಅದಲ್ವಾ? ಮತ್ತಿನ್ನೇನು? ಬಾಯಿ ಬಿಟ್ಟು ಹೇಳಬಾರದಾ? ಸಭೆ ಮುಂದೆ ಮೈಕ್ ಹಿಡಿದು ಅಷ್ಟು ಹೊತ್ತು ಮಾತಾಡಿದವಳಿಗೆ ಅಕ್ಕನ ಮುಂದೆ ನಾಲಿಗೆ ಬಿದ್ದುಹೋಯ್ತಾ?

ಬೇಜಾರಾಯ್ತಾ... ಇರ್ಲಿ ಬಿಡು. ಮೈಕಲ್ಲಿ ನೀನು ಹೇಳಿದ ಸಾಕ್ಷಿ ಚೆನ್ನಾಗಿತ್ತು. ನಿಜವಾಗ್ಲೂ ಚೆನ್ನಾಗಿತ್ತು. ಪ್ಲಂಬರ್ ಮಾವ ಕರ್ಚೀಫ್ ತೆಗೆದ್ರು ನೋಡಿದ್ಯಾ? 'ನನ್ನ ಕೈಯಲ್ಲಿ ಏನೂ ಇಲ್ಲ, ಬರಿಗೈಲಿ ಬಂದಿದೀನಿ, ದೇವರು ಮಗಳೇ ಅಂತ ಕರೆದ, ಬಂದೆ'... ಎಷ್ಟು ಸಲೀಸಾಗಿ ಹೇಳಿಬಿಟ್ಟೆ! 'ವಾಪಸ್ ಬಂದಾಗ ಅಕ್ಕ ಬಾಗಿಲು ತೆಗೆದಳು' ಅಂತ ನನ್ನ ಮಾತೂ ಬಂತು. ಬಂತು. ಒಂದೇ ಮಾತಲ್ಲಿ ಬಂದು ಹೋಯ್ತು.

ಇಲ್ಲಪ್ಪ, ಕೊಂಕು ಮಾತಲ್ಲ ಇದು. ಕೊಂಕು ಯಾಕಾಡ್ಲಿ?

ಆದ್ರೂ... ಒಂದು ಮಾತು ಕೇಳ್ತೀನಿ, ತಪ್ಪು ತಿಳೀಬೇಡ. ಆ ಟ್ರಕ್ ಡ್ರೈವರ್ ಹಿಂದೆ ಹೊರಟೆಯಲ್ಲ ನೀನು, ಅಮ್ಮ ಹಾಸಿಗೆ ಹಿಡಿದಿದ್ಲು, ನೆನಪಿದೆಯಾ? ಆಮೇಲೆ ಅಮ್ಮನಿಗೆ ಗಂಜಿ ಕುಡಿಸಿದ್ದು ಯಾರು? ಮಗ್ಗುಲು ಬದಲಾಯಿಸಿದ್ದು ಯಾರು? ಕೆಳಗೆ ಲಾಂಡ್ರಿಯಲ್ಲಿ ಹೋಟೆಲ್ ಬಟ್ಟೆ, ಮೇಲೆ ಮನೆಯಲ್ಲಿ ಅಮ್ಮನ ಬಟ್ಟೆ, ಒಗೆದೂ ಒಗೆದೂ ನನ್ನ ಉಗುರಿನ ಸಂದಿಯೆಲ್ಲ ಬಿರುಕು ಬಿಟ್ಟಿತ್ತು. ನನ್ನ ನೋಡೋಕೆ ಬಂದ ವರನಿಗೆ, ಅಮ್ಮ ಹೀಗಿರುವಾಗ ಆಗಲ್ಲ ಅಂತ ನಾನೇ ಹೇಳಿ ಕಳಿಸ್ದೆ. ಇಷ್ಟಾದ್ರೂ ಅಮ್ಮ ಸಾಯೋವರೆಗೂ ಕೇಳ್ತಿದ್ದದ್ದು ಯಾರನ್ನ? ಬಾಗಿಲ ಸದ್ದಾದ್ರೆ ಸಾಕು, 'ಪುಟ್ಟಿ ಬಂದ್ಲಾ?'... ನಾನು ಚಮಚ ಹಿಡ್ಕೊಂಡು ಎದುರಿಗೇ ಕೂತಿದೀನಿ, ಅವಳಿಗೆ ಪುಟ್ಟಿ ಬೇಕು!

ಅಳಬೇಡ. ಅಳಿಸೋಕೆ ಹೇಳಿದ್ದಲ್ಲ. ನೋಡು, ಅತ್ತುಬಿಟ್ಲು...

ಆಗೆಲ್ಲ ನಾನು ಏನಂದುಕೊಳ್ತಿದ್ದೆ ಗೊತ್ತಾ? ಅಮ್ಮ ನೋಡದಿದ್ರೆ ಏನಂತೆ, ಮೇಲಿರೋನು ನೋಡ್ತಾನೆ ಅಂತ. ಒಂದು ಭಾನುವಾರಾನೂ ಚರ್ಚ್ ತಪ್ಪಿಸ್ಲಿಲ್ಲ. ಬಲಿಪೀಠದ ಬಟ್ಟೆ ಒಗೆದು ಗಂಜಿ ಹಾಕಿ ಕೊಡೋದು ನಾನು, ಜ್ವರ ಬಂದ್ರೂ ನಾನೇ. ಬೇರೆ ಯಾರಾದ್ರೂ ಮುಟ್ಟಿದ್ರೆ ಮೈ ಉರೀತಿತ್ತು ನನಗೆ. ದೇವರ ಮುಂದೆ ನಿಂತಾಗ 'ನೋಡಪ್ಪಾ ಇದೆಲ್ಲ ನಾನೇ ಮಾಡಿದ್ದು' ಅನ್ನಬಹುದಲ್ಲ ಅಂತ. ನಾನು ಯಾರು ಅಂದ್ರೆ ಅದೇ ಕಣೇ ನಾನು. ಮನೆ ಬಿಟ್ಟು ಹೋಗದೇ ಇದ್ದವಳು.

ಇವತ್ತು ಪಾಸ್ಟರ್ ನೀರಲ್ಲಿ ನಿಂತು ಏನಂದ್ರು? ನೀನು ಮೆಟ್ಟಿಲ ಮೇಲಿದ್ದೆ, ನಿನಗೂ ಕೇಳಿಸಿರಬೇಕು. 'ಇವಳು ಏನೂ ತಂದಿಲ್ಲ, ಆದ್ರೂ ದೇವರಿಗೆ ಇವಳು ಕಡಿಮೆ ಅಲ್ಲ. ನೀವು ಎಷ್ಟೇ ತಂದಿದ್ರೂ ಹೆಚ್ಚೂ ಅಲ್ಲ. ಇವಳೆಷ್ಟೋ ನೀವೂ ಅಷ್ಟೇ' ಅಂದ್ರು. ಎಲ್ಲರೂ 'ಆಮೆನ್' ಅಂದ್ರು. ನಾನೂ ಅಂದೆ! ಬಾಯಿ ತಾನಾಗೇ ಅಂದುಬಿಡ್ತು. ಅಷ್ಟೇನಾ? ಹೆಚ್ಚಲ್ವಾ ನಾನು? ಚೂರೂ ಹೆಚ್ಚಲ್ವಾ? ಹಾಗಾದ್ರೆ ಆ ವರ್ಷಗಳೆಲ್ಲ... ಆ ಬಟ್ಟೆಯೆಲ್ಲ...

ಆಮೇಲೇ ಅವರು ಕೇಳಿದ್ದು, 'ಇವಳ ಜೊತೆ ನಿಲ್ಲೋರು ಯಾರು?' ಅಂತ. ಸರಿಯಾಗಿ ಆಗಲೇ ನನಗೆ... ಜೋಮು. ಹೌದು, ಜೋಮು. ಎರಡನೇ ಸಲ ಕೇಳಿದಾಗ್ಲೂ ಬಿಟ್ಟಿರಲಿಲ್ಲ. ಎಲ್ಲರೂ ನನ್ನ ಮಡಿಲಲ್ಲಿದ್ದ ಟವೆಲ್ ನೋಡ್ತಿದ್ರು. ನಾನೇ ಏಳಬೇಕಾದವಳು ಅಂತ ಸುಮ್ಮನಿದ್ರು, ಪಾಪ. ಅವರದ್ದೇನೂ ತಪ್ಪಿಲ್ಲ. ಟೀಚರಮ್ಮ ಮಾತ್ರ ಸ್ವಲ್ಪ... ಅಂದ್ರೆ, ಅರ್ಧ ಎದ್ದ ಹಾಗೆ ಮಾಡಿ ಮತ್ತೆ ಕೂತ್ರು. ಯಾಕೆ ಕೂತ್ರೋ.

ಮತ್ತೆ ಕೈ ನೋಡ್ತೀಯ.

...ನಿನಗೆ ಕಾಣಿಸ್ತಾ? ಅಷ್ಟು ದೂರದಿಂದ?

ಹೂಂ. ಕಾಣಿಸದೇ ಏನು, ನೀನು ನಮ್ಮ ಕಡೆಗೇ ಮುಖ ಮಾಡಿ ನಿಂತಿದ್ದೆಯಲ್ಲ. ಟೀಚರಮ್ಮನ ಮೊಣಕಾಲ ಮೇಲೆ ಕೈ ಇಟ್ಟೆ. ಒತ್ತಿ ಹಿಡಿದೆ. 'ಇರಿ, ನಾನು ಏಳ್ತೀನಿ' ಅಂದೆ ಕಿವಿಯಲ್ಲಿ. ಏಳಬೇಕು ಅಂತಲೇ ಅಂದದ್ದು! ಆದ್ರೆ ಕಾಲು ಕಣೇ... ನಂಬು, ಕಾಲು...

ಏನು ಹುಡುಕ್ತಿದೀಯ ಅಲ್ಲಿ? ಆ ಗೂಡಲ್ಲಿ ಏನೂ ಇಲ್ಲ, ನೋವಿನ ಎಣ್ಣೆ ಅದು... ಅದು ಯಾಕೆ ಈಗ? ಇಲ್ಲಿ ಯಾಕೆ ಕೂರ್ತೀಯ, ನೆಲದ ಮೇಲೆ! ಸೋಪಿನ ನೀರು ಚೆಲ್ಲಿದೆ, ಬಿಳಿ ಅಂಗಿ ಕೊಳೆಯಾಗುತ್ತೆ ಏಳೇ! ಬೇಡ... ಪುಟ್ಟಿ, ಬೇಡ ಅಂದೆ. ಕಾಲು ಬಿಡು. ನೀನು ನನ್ನ ಕಾಲು ಮುಟ್ಟೋದಾ? ಇವತ್ತಾ? ಅದೂ ಈ ಅಂಗಿ ಹಾಕ್ಕೊಂಡು?

ಎಷ್ಟು ಮೆತ್ತಗೆ ಉಜ್ಜುತ್ತೀಯೇ... ಅಮ್ಮನಿಗೆ ನಾನು ಹೀಗೆ ಉಜ್ಜುತ್ತಿದ್ದೆ. ಬೆರಳಿಂದ ಮೇಲಕ್ಕೆ. ನಿನಗೆ ಯಾರು ಹೇಳಿಕೊಟ್ರು ಇದನ್ನ?

ಏನು? ಯಾಕೆ ನಿಲ್ಲಿಸ್ದೆ? ಯಾಕೆ ಹಾಗೆ ತಲೆಯೆತ್ತಿ... ಓ. ಯಾವ ಕಾಲು ಅಂತಾನಾ?

ಯಾವ ಕಾಲು ಅಂತ...

ಎಡಗಾಲು. ಅಲ್ಲ... ಬಲ... ಇರು...

ಬೈಯೇ ನನ್ನ. ಬೈದುಬಿಡು ಪುಟ್ಟಿ. ಹೀಗೆ ಸುಮ್ನೆ ಕಾಯಬೇಡ.

ಎಣ್ಣೆ ಮುಚ್ಚಿಡು ತಾಯಿ. ಈ ಕಾಲಲ್ಲ. ಆ ಕಾಲೂ ಅಲ್ಲ. ಎರಡೂ ಚೆನ್ನಾಗೇ ಇದ್ವು... ಎದ್ದು ನಿಲ್ಲಬಹುದಿತ್ತು ನಾನು.