ಹನ್ನೊಂದು ಗಂಟೆಯ ಬಿಡುಗಡೆ

ದಾರ ಕಚ್ಚಿ ಕಚ್ಚಿ ಹಲ್ಲು ಸವೆಸಿಕೊಂಡ ಟೈಲರ್, ದಂತವೈದ್ಯರ ಬಾಗಿಲಲ್ಲಿ ಕಾಯುತ್ತ ಪಕ್ಕದ ಅಕ್ಕ-ತಮ್ಮನ ಮಾತಿಗೆ ಕಿವಿಗೊಟ್ಟ. ಎಲ್ಲರಿಗೂ ಪುಕ್ಕಟೆ ಹಂಚುವ ಯಾವುದೋ ಸಾಫ್ಟ್‌ವೇರ್ ಅವರದು. ಅಕ್ಕನ ಕೆನ್ನೆ ಊದಿತ್ತು.

"ಅಕ್ಕಾ, ಹೊಸ ಆವೃತ್ತಿ ನಾಳೆ ಕೈಯಾರೆ ಬಿಡೋಣ."

"ಹೋದ ಸಲ ಕೈಯಾರೆ ಬಿಟ್ಟೋನು ನೀನೇ ತಾನೆ? ಹೊಸ ನಂಬರ್ ಹಾಕಿ ಹಳೇ ಫೈಲ್ ಕಳಿಸ್ದೆ."

"ಕಣ್ತಪ್ಪಿತು."

"ಅದಕ್ಕೇ ಪ್ರೋಗ್ರಾಂ ಬರೆದಿದೀನಿ. ಅದೇ ಫೈಲ್ ಪರೀಕ್ಷೆ ಮಾಡುತ್ತೆ; ಪಾಸಾದ್ರೆ ಇವತ್ತು ಹನ್ನೊಂದಕ್ಕೆ ತಾನೇ ಬಿಡುತ್ತೆ, ಇಲ್ಲಾಂದ್ರೆ ನಿಲ್ಲುತ್ತೆ."

"ಯಾರಾದ್ರೂ ಕೂತು ನೋಡ್ಲೇಬೇಕು ಅಂತಾರೆ ತಂಡದೋರು."

"ಏಳು ವರ್ಷ ಕೂತಿದೀನಿ. ನನ್ನ ಮದುವೆ ದಿನಾನೂ ಕೂತಿದ್ದೆ. ಇನ್ನು ಕೂರಲ್ಲ."

"ಹನ್ನೊಂದಕ್ಕೆ ನೀನು ಒಳಗೆ ಬಾಯಿ ತೆರೆದಿರ್ತೀಯ!"

"ಬೇಕಂತಲೇ ಆ ಹೊತ್ತಿಟ್ಟಿದೀನಿ."

ನರ್ಸ್ ಕರೆದಳು. ಅಕ್ಕ ಫೋನ್ ಆಫ್ ಮಾಡಿ ತಮ್ಮನ ಜೇಬಿಗೆ ತುರುಕಿದಳು.

"ಮುಟ್ಟಿದ್ರೆ, ಮುಂದೆ ಕೀಳೋ ಹಲ್ಲು ನಿಂದು," ಎಂದು ಒಳಗೆ ನಡೆದಳು.